ನಾಯಿಯ ಹಸಿ ಮಾಂಸ: ಬಟ್ಟಲಿಗೆ ಹಾಕುವಾಗ ಎಷ್ಟು ಬೆಚ್ಚಗಿರಬೇಕು?

ಪ್ರಶ್ನೆ: ನಮ್ಮ ಮೂರು ವರ್ಷದ ನಾಯಿಗೆ ಹಸಿ ಮಾಂಸವೇ ಊಟ. ಫ್ರಿಜ್‌ನಿಂದ ತೆಗೆದ ಕೂಡಲೇ ಹಾಕಿದರೆ ಒಮ್ಮೆ ಮೂಸಿ ಹಿಂದೆ ಸರಿಯುತ್ತದೆ. ಅರ್ಧ ಗಂಟೆ ಹಾಗೇ ಬಿಟ್ಟರೆ ಬಂದು ತಿನ್ನುತ್ತದೆ. ತಣ್ಣಗಿನದು ಅದರ ಹೊಟ್ಟೆಗೆ ಆಗಿಬರುವುದಿಲ್ಲವೇ?

ಉತ್ತರ: ಇದು ಹೊಟ್ಟೆಯ ತಕರಾರಲ್ಲ, ಮೂಗಿನದು. ಆರೋಗ್ಯವಾಗಿರುವ ದೊಡ್ಡ ನಾಯಿಗೆ 4 ಡಿಗ್ರಿಯ ಮಾಂಸದಿಂದ ಕೆಡುಕಿಲ್ಲ. ಅದರ ಮೈಬಿಸಿ 38ರಿಂದ 39 ಡಿಗ್ರಿ ಸೆಲ್ಸಿಯಸ್. ನುಂಗಿದ್ದು ಒಳಗೆ ಹೋಗಿ ತಾನೇ ಬೆಚ್ಚಗಾಗುತ್ತದೆ. ಆದರೆ ತಣ್ಣಗಿನ ಮಾಂಸದಲ್ಲಿ ಕೊಬ್ಬು ಗಟ್ಟಿಯಾಗಿ ಕೂತಿರುತ್ತದೆ, ವಾಸನೆ ಮೇಲೇಳುವುದಿಲ್ಲ. ತಿನ್ನಬೇಕೋ ಬೇಡವೋ ಎಂದು ನಾಯಿ ತೀರ್ಮಾನಿಸುವುದೇ ಮೂಸಿ ನೋಡಿ. 20–25 ಡಿಗ್ರಿಗೆ ಬಂದರೆ ಹೆಚ್ಚಿನ ನಾಯಿಗಳು ಗೊಣಗದೆ ತಿನ್ನುತ್ತವೆ. ಮುದಿ ನಾಯಿ, ಕಾಯಿಲೆಯಿಂದ ಈಗಷ್ಟೇ ಎದ್ದ ನಾಯಿ, ಊಟಕ್ಕೆ ಸತಾಯಿಸುವ ನಾಯಿ ಇವುಗಳಿಗೆ 35ರ ಹತ್ತಿರ ತನ್ನಿ. ಅದರ ಮೈಬಿಸಿಗಿಂತ ಮೇಲಕ್ಕೆ ಏರಿಸುವುದರಿಂದ ಲಾಭವೇನೂ ಇಲ್ಲ.

ಅರ್ಧ ಗಂಟೆ ಹೊರಗಿಡುವ ಪದ್ಧತಿ ಮಾತ್ರ ಬಿಟ್ಟುಬಿಡಿ. ಅಷ್ಟರಿಂದಲೇ ಮಾಂಸ ಕೆಡುವುದಿಲ್ಲ, ನಿಜ. ಆದರೆ 5ರಿಂದ 60 ಡಿಗ್ರಿಯ ನಡುವೆ ಬ್ಯಾಕ್ಟೀರಿಯಾಗಳು ಹೆಚ್ಚುತ್ತವೆ, ಹಿತವಾದ ಬಿಸಿ ಸಿಕ್ಕರೆ ಕೆಲವು 20 ನಿಮಿಷಕ್ಕೊಮ್ಮೆ ಇಮ್ಮಡಿಯಾಗುತ್ತವೆ. ಕತ್ತರಿಸುವಾಗ, ಬೆಚ್ಚಗಾಗಿಸುವಾಗ, ಬಟ್ಟಲಲ್ಲಿ ಇರುವಾಗ ಹೊರಗಿದ್ದ ಹೊತ್ತೆಲ್ಲ ಕೂಡುತ್ತ ಹೋಗುತ್ತದೆ. ಎಲ್ಲ ಸೇರಿ 2 ಗಂಟೆ ಮೀರಬಾರದು. ಸೆಕೆ 32 ಡಿಗ್ರಿ ದಾಟಿದ್ದರೆ 1 ಗಂಟೆ. ಬೆಚ್ಚಗಾಗಿಸುವುದಾದರೆ ಬೇಗ ಬೆಚ್ಚಗಾಗಿಸಿ, ಕೂಡಲೇ ತಿನ್ನಿಸಿ.

ಪ್ರಶ್ನೆ: ಬೇಗ ಬೆಚ್ಚಗಾಗಿಸುವುದು ಹೇಗೆ? ಮೈಕ್ರೋವೇವ್‌ನಲ್ಲಿ ಇಟ್ಟರೆ ಅಂಚು ಬೆಂದು ನಡುವೆ ಮಂಜು ಹಾಗೇ ಉಳಿಯುತ್ತದೆ.

ಉತ್ತರ: ಮೈಕ್ರೋವೇವ್ ಬೇಡ. ಕರಗಿದ ಭಾಗ ಮಂಜುಗಟ್ಟಿದ ಭಾಗಕ್ಕಿಂತ ಬೇಗ ಬಿಸಿ ಹೀರುತ್ತದೆ. ಹಾಗಾಗಿ ಬೆಂದ ಕಡೆಯೇ ಇನ್ನಷ್ಟು ಬೇಯುತ್ತದೆ. ಮೂಳೆ ಇದ್ದರಂತೂ ಅಪಾಯ: ಬೆಂದ ಮೂಳೆ ಗಡುಸಾಗಿ ಚೂಪಾದ ಸೀಳುಗಳಾಗಿ ಒಡೆಯುತ್ತದೆ. ಗಂಟಲು, ಕರುಳು ಎರಡಕ್ಕೂ ಅದು ಕಂಟಕ.

ನೀರೇ ಒಳ್ಳೆಯದು. ಪೂರ್ತಿ ಕರಗಿದ ಒಂದು ಹೊತ್ತಿನ ಮಾಂಸವನ್ನು ಸೋರದ ಚೀಲದಲ್ಲಿ ಹಾಕಿ, ಗಾಳಿ ಒತ್ತಿ ತೆಗೆದು, ಒಂದು ಬೆರಳಿನ ದಪ್ಪಕ್ಕೆ ಚಪ್ಪಟೆ ಮಾಡಿ. ಅಗಲವಾದ ಪಾತ್ರೆಯಲ್ಲಿ 40 ಡಿಗ್ರಿಯ ನೀರು ತುಂಬಿ, ಚೀಲವನ್ನು ಮುಳುಗಿಸಿ. ಥರ್ಮಾಮೀಟರ್ ಇಲ್ಲದಿದ್ದರೆ ಮುಂಗೈ ಅದ್ದಿ ನೋಡಿ, ಎಳೆಮಗುವಿನ ಸ್ನಾನದ ನೀರಿಗಿಂತ ತುಸು ಹೆಚ್ಚು ಬೆಚ್ಚಗಿದ್ದರೆ ಸಾಕು. 5 ನಿಮಿಷಕ್ಕೆ ಚೀಲ ತಿರುವಿ, ಇನ್ನೊಂದು 5 ನಿಮಿಷ ಬಿಡಿ. ಹೊರಗೆ ತೆಗೆದು ಚೀಲದ ಮೇಲಿಂದಲೇ ಹಿಸುಕಿ. ನಡುವೆ ತಣ್ಣನೆಯ ಗಂಟು ಕೈಗೆ ಸಿಕ್ಕರೆ ಇನ್ನೆರಡು ನಿಮಿಷ. ಕುದಿನೀರು ಸುರಿಯುವ ಆತುರ ಬೇಡ. ಮಾಂಸದ ಮೇಲ್ಮೈ ಬೂದು ಬಣ್ಣಕ್ಕೆ ತಿರುಗಿತೆಂದರೆ ಅಲ್ಲಿ ಬೇಯತೊಡಗಿದೆ ಎಂದೇ ಅರ್ಥ.

ಅಷ್ಟೂ ಪುರುಸೊತ್ತಿಲ್ಲದ ದಿನ, ಮೂಳೆಯಿಲ್ಲದ 200 ಗ್ರಾಂ ಖೀಮಾಗೆ 50 ಡಿಗ್ರಿಯ 50 ಮಿಲಿ ನೀರು ಹಾಕಿ ಕಲಸಿ. 4 ಡಿಗ್ರಿಯಲ್ಲಿದ್ದದ್ದು 14ರ ಆಸುಪಾಸಿಗೆ ಬರುತ್ತದೆ. ಆ ಹತ್ತು ಡಿಗ್ರಿಗೇ ವಾಸನೆ ಬಿಚ್ಚಿಕೊಳ್ಳುತ್ತದೆ, ನೀರೂ ನಾಯಿಯ ಹೊಟ್ಟೆಗೆ ಹೋಗುತ್ತದೆ.

ಪ್ರಶ್ನೆ: ರಾತ್ರಿ ಫ್ರೀಜರ್‌ನಿಂದ ತೆಗೆದು ಅಡುಗೆಕಟ್ಟೆಯ ಮೇಲಿಟ್ಟರೆ ಬೆಳಿಗ್ಗೆ ಹದವಾಗಿ ಕರಗಿರುತ್ತದೆ. ಇದರಲ್ಲಿ ತಪ್ಪೇನು?

ಉತ್ತರ: ಒಂದು ಕಿಲೋ ಗಡ್ಡೆಯ ನಡುಭಾಗ ಇನ್ನೂ ಕಲ್ಲಿನಂತಿರುವಾಗಲೇ ಹೊರಪದರ 5 ಡಿಗ್ರಿ ದಾಟಿರುತ್ತದೆ. ಬೆಳಗಾಗುವ ಹೊತ್ತಿಗೆ ಆ ಪದರ ಐದಾರು ಗಂಟೆ ಬೆಚ್ಚಗಿದ್ದಾಗಿದೆ. ಮುಟ್ಟಿದರೆ ತಣ್ಣಗಿದೆ ಅನ್ನಿಸುವುದು ಒಳಗಿನ ಮಂಜಿನಿಂದ. ಖೀಮಾದಲ್ಲಿ ಇದು ಇನ್ನೂ ಕೆಟ್ಟದ್ದು, ಏಕೆಂದರೆ ಅರೆಯುವಾಗ ಮೇಲ್ಮೈಯ ಬ್ಯಾಕ್ಟೀರಿಯಾ ಪೂರ್ತಿ ಮಾಂಸಕ್ಕೆ ಬೆರೆತಿರುತ್ತದೆ.

ಕರಗಿಸಬೇಕಾದ್ದು ಫ್ರಿಜ್‌ನಲ್ಲಿ, 4 ಡಿಗ್ರಿ ಅಥವಾ ಅದಕ್ಕಿಂತ ಕಡಿಮೆಯಲ್ಲಿ, ಕೆಳಗಿನ ಹಲಗೆಯ ಮೇಲೆ, ಅಂಚಿರುವ ತಟ್ಟೆಯಲ್ಲಿ. ರಸ ಸೋರಿದರೂ ಬೇರೆ ಊಟದ ಮೇಲೆ ತೊಟ್ಟಿಕ್ಕಬಾರದು. ಕಿಲೋ ಗಡ್ಡೆಗೆ ಪೂರ್ತಿ ಒಂದು ದಿನ ಬೇಕು. ತಂದ ದಿನವೇ ಒಂದೊಂದು ಹೊತ್ತಿನದಾಗಿ ಭಾಗ ಮಾಡಿ, ಚಪ್ಪಟೆಯಾಗಿ ಒತ್ತಿ ಫ್ರೀಜ್ ಮಾಡಿದ್ದರೆ ಒಂದು ರಾತ್ರಿ ಸಾಕು. ಈ ಒಂದು ಅಭ್ಯಾಸದಿಂದಲೇ ಅರ್ಧ ತಾಪತ್ರಯ ತಪ್ಪುತ್ತದೆ. ಕರಗಿದ ಖೀಮಾವನ್ನು ಫ್ರಿಜ್‌ನಲ್ಲಿ ಎರಡು ದಿನಕ್ಕಿಂತ ಹೆಚ್ಚು ಇಡಬೇಡಿ.

ತೆಗೆದಿಡಲು ಮರೆತಿದ್ದರೆ ಚೀಲವನ್ನು ತಣ್ಣೀರಿನಲ್ಲಿ ಮುಳುಗಿಸಿ, 30 ನಿಮಿಷಕ್ಕೊಮ್ಮೆ ನೀರು ಬದಲಿಸಿ. ಅರ್ಧ ಕಿಲೋ ಸುಮಾರು ಒಂದು ಗಂಟೆಯಲ್ಲಿ ಕರಗುತ್ತದೆ. ಹೀಗೆ ಕರಗಿಸಿದ್ದನ್ನು ಹಸಿಯಾಗಿಯೇ ಮತ್ತೆ ಫ್ರೀಜರ್‌ಗೆ ಹಾಕಬೇಡಿ.

ಪ್ರಶ್ನೆ: ಬೇಸಿಗೆಯಲ್ಲಿ ಮಂಜುಗಟ್ಟಿದ ಮಾಂಸ, ಮೂಳೆಯನ್ನೇ ನೇರವಾಗಿ ಕೊಡಬಹುದೇ?

ಉತ್ತರ: ಮೂಳೆ ಬೇಡವೇ ಬೇಡ. ಮಂಜುಗಟ್ಟಿದ ಮೂಳೆ ಕಚ್ಚಿ ಮೇಲ್ದವಡೆಯ ದೊಡ್ಡ ಹಲ್ಲು ಸೀಳಿದರೆ ಒಳಗಿನ ನರ ಬಯಲಾಗುತ್ತದೆ. ನಾಯಿ ನೋವನ್ನು ತೋರಿಸಿಕೊಳ್ಳುವುದೂ ಇಲ್ಲ, ಒಂದೇ ಕಡೆಯಿಂದ ಅಗಿಯತೊಡಗಿದಾಗಲೇ ನಮಗೆ ಗೊತ್ತಾಗುವುದು. ಮೂಳೆಯಿಲ್ಲದ ಖೀಮಾವನ್ನು ತಟ್ಟೆಗೆ ತೆಳುವಾಗಿ ಬಳಿದು ಗಟ್ಟಿಯಾಗಿಸಿ ನೆಕ್ಕಲು ಕೊಡಬಹುದು, ಅದೂ ಸಾವಧಾನವಾಗಿ ನೆಕ್ಕುವ ನಾಯಿಗೆ. ಗಬಗಬನೆ ನುಂಗುವ ನಾಯಿ ತುಂಡನ್ನು ಹಾಗೇ ಇಳಿಸಿ, ಸ್ವಲ್ಪ ಹೊತ್ತಿನಲ್ಲೇ ಹಾಗೇ ಕಕ್ಕಬಹುದು. ಮರಿಗಳಿಗೂ ಕೊಡಬೇಡಿ.

ಪ್ರಶ್ನೆ: ಫ್ರೀಜ್ ಮಾಡಿದರೆ ಕ್ರಿಮಿಗಳೆಲ್ಲ ಸಾಯುತ್ತವಲ್ಲ, ಮತ್ತೇಕೆ ಇಷ್ಟು ಎಚ್ಚರ? ಮನೆಯಲ್ಲಿ ಎರಡು ವರ್ಷದ ಮಗುವಿದೆ.

ಉತ್ತರ: ಎಲ್ಲ ಸಾಯುವುದಿಲ್ಲ. ಕೆಲವು ಪರೋಪಜೀವಿಗಳು ಸಾಯುತ್ತವೆ: ಮೀನಿನ ಹುಳುಗಳಿಗೆ ಮೈನಸ್ 20 ಡಿಗ್ರಿಯಲ್ಲಿ 7 ದಿನ ಬೇಕು; 15 ಸೆಂಟಿಮೀಟರ್‌ಗಿಂತ ತೆಳುವಾದ ಹಂದಿಮಾಂಸದಲ್ಲಿರುವ ಟ್ರೈಕಿನೆಲ್ಲಾ ಎಂಬ ಹುಳುವಿಗೆ ಮೈನಸ್ 15ರಲ್ಲಿ 20 ದಿನ. ಸಾಲ್ಮೊನೆಲ್ಲಾ, ಇ. ಕೋಲೈ, ಲಿಸ್ಟೀರಿಯಾ ಎಂಬ ಬ್ಯಾಕ್ಟೀರಿಯಾಗಳು ಮಾತ್ರ ಮಂಜಿನಲ್ಲಿ ಸುಮ್ಮನೆ ಮಲಗಿರುತ್ತವೆ, ಬೆಚ್ಚಗಾದೊಡನೆ ಏಳುತ್ತವೆ. ಲಿಸ್ಟೀರಿಯಾ ಫ್ರಿಜ್‌ನ ತಂಪಿನಲ್ಲೂ ನಿಧಾನವಾಗಿ ಬೆಳೆಯುತ್ತದೆ.

ಮಗುವಿನ ವಿಷಯ ಬಂದದ್ದರಿಂದ ನೇರವಾಗಿಯೇ ಹೇಳುತ್ತೇವೆ: ನಿಮ್ಮ ಮನೆಗೆ ಹಸಿ ಮಾಂಸ ಬೇಡ. ಸಾಲ್ಮೊನೆಲ್ಲಾ ತಗುಲಿದ ನಾಯಿ ಯಾವ ಲಕ್ಷಣವೂ ಇಲ್ಲದೆ ಓಡಾಡಿಕೊಂಡಿರಬಹುದು. ಅದರ ಮಲದಲ್ಲಿ, ಬಾಯಲ್ಲಿ ಬ್ಯಾಕ್ಟೀರಿಯಾ ಇರುತ್ತದೆ. ಅದೇ ನಾಯಿ ಮಗುವಿನ ಮುಖ ನೆಕ್ಕುತ್ತದೆ, ಮಗು ಅದರ ಬಟ್ಟಲಿಗೆ ಕೈ ಹಾಕುತ್ತದೆ. ಐದು ವರ್ಷದೊಳಗಿನ ಮಕ್ಕಳು, ಗರ್ಭಿಣಿಯರು, ವಯಸ್ಸಾದವರು, ರೋಗನಿರೋಧಕ ಶಕ್ತಿ ಕುಂದಿದವರು ಇರುವ ಮನೆಗಳಿಗೆಲ್ಲ ಇದೇ ಮಾತು. ಅದೇ ಮಾಂಸವನ್ನು ಮೂಳೆ ತೆಗೆದು, ನಡುಭಾಗ 74 ಡಿಗ್ರಿ ಮುಟ್ಟುವಂತೆ ಬೇಯಿಸಿ, ಆರಿಸಿ ಕೊಡಿ. ಮೂಳೆ ನಿಂತರೆ ಕ್ಯಾಲ್ಸಿಯಂ ಕೊರತೆಯಾಗುತ್ತದೆ, ಅದಕ್ಕೆ ಬದಲಿ ಎಷ್ಟು ಹಾಕಬೇಕೆಂದು ಪಶುವೈದ್ಯರಿಂದ ಬರೆಸಿಕೊಳ್ಳಿ.

ಪ್ರಶ್ನೆ: ಅರ್ಧ ತಿಂದು ಬಿಟ್ಟದ್ದನ್ನು ಸಂಜೆಗೆ ಇಡಬಹುದೇ?

ಉತ್ತರ: ಬೇಡ. 20 ನಿಮಿಷ ನೋಡಿ, ಉಳಿದದ್ದನ್ನು ಎಸೆಯಿರಿ, ಮರುದಿನ ಅಷ್ಟು ಕಡಿಮೆ ಹಾಕಿ. ಸ್ಟೀಲ್ ಬಟ್ಟಲೇ ವಾಸಿ, ಪ್ಲಾಸ್ಟಿಕ್‌ನ ಗೀರುಗಳಲ್ಲಿ ಜಿಡ್ಡು ಕೂತುಬಿಡುತ್ತದೆ. ಪ್ರತಿ ಊಟದ ನಂತರ ಬಿಸಿನೀರು, ಸೋಪು ಹಾಕಿ ತಿಕ್ಕಿ ತೊಳೆದು ಪೂರ್ತಿ ಒಣಗಿಸಿ. ಅದಕ್ಕೆ ಬಳಸುವ ನಾರು ಮನೆಯ ಪಾತ್ರೆಗಳಿಗೆ ತಾಗಬಾರದು.