ಅಕ್ಷರ ಒಂದೊಂದಾಗಿ ಮೂಡಲಿ, ಒತ್ತು ಮಾತ್ರ ಕಳಚದಿರಲಿ

ಪ್ರಶ್ನೆ: ನಾನು ಪ್ರಾಥಮಿಕ ಶಾಲೆಯ ಶಿಕ್ಷಕಿ. ನವೆಂಬರ್ 1ಕ್ಕೆ ಶಾಲೆಯ ವಾಟ್ಸ್‌ಆ್ಯಪ್ ಗ್ರೂಪ್‌ಗೆ ಹಾಕಲು ‘ಕರ್ನಾಟಕ ರಾಜ್ಯೋತ್ಸವ’ ಎಂದು ಅಕ್ಷರ ಒಂದೊಂದಾಗಿ ಮೂಡುವ ಚಿತ್ರ ಬೇಕು. ಫೋನಿನ ಒಂದು ಆ್ಯಪ್‌ನಲ್ಲಿ ‘ಟೈಪ್‌ರೈಟರ್’ ಎಫೆಕ್ಟ್ ಹಾಕಿ ನೋಡಿದೆ. ‘ಕ’ ಆದಮೇಲೆ ‘ರ’ ಬಂತು, ಅದು ‘ರ್’ ಆಯಿತು, ಆಮೇಲೆ ಇದ್ದಕ್ಕಿದ್ದಂತೆ ‘ನ’ದ ಆಚೆ ಹೋಗಿ ಕೂತಿತು! ಮನೆಯಲ್ಲಿ ಹಳೇ ಕಂಪ್ಯೂಟರ್ ಇದೆ. ಫೋಟೋಶಾಪ್ ಕೊಳ್ಳುವ ಶಕ್ತಿ ಇಲ್ಲ. ದಾರಿ ಏನು?

ಉತ್ತರ: ಮೇಡಂ, ನಿಮ್ಮ ಕೈಯಲ್ಲಿ ಏನೂ ತಪ್ಪಾಗಿಲ್ಲ. ಆ ಆ್ಯಪ್‌ಗೆ ಕಾಗುಣಿತ ಗೊತ್ತಿಲ್ಲ, ಅಷ್ಟೇ. ‘ರ್ನಾ’ ನಮಗೆ ಒಂದು ಅಕ್ಷರ. ಕಂಪ್ಯೂಟರ್ ಅಕ್ಷರಗಳನ್ನು ಗುರುತಿಸುವ ಯೂನಿಕೋಡ್ ಪದ್ಧತಿಯಲ್ಲಿ ಅದು ನಾಲ್ಕು ತುಂಡು: ರ, ಅದರ ಹಲಂತ, ನ, ಆಮೇಲೆ ದೀರ್ಘದ ಗುರುತು. ಅರ್ಕಾವತ್ತಿನ ‘ರ’ ಟೈಪ್ ಮಾಡುವಾಗ ಮೊದಲು ಬರುತ್ತದೆ, ತೆರೆಯ ಮೇಲೆ ಕೊನೆಗೆ ಕೂರುತ್ತದೆ. ಇಂಗ್ಲಿಷ್‌ಗೆಂದು ಮಾಡಿದ ಎಫೆಕ್ಟ್ ತುಂಡು ತುಂಡಾಗಿ ತೋರಿಸುತ್ತಾ ಹೋದರೆ ಅಕ್ಷರ ಜಿಗಿಯದೆ ಇನ್ನೇನು ಮಾಡೀತು? ‘ಕರ್ನಾಟಕ ರಾಜ್ಯೋತ್ಸವ’ ಎಂಬುದರಲ್ಲಿ ಪದಗಳ ನಡುವಿನ ಖಾಲಿ ಜಾಗ ಬಿಟ್ಟು ಕಂಪ್ಯೂಟರ್ ಲೆಕ್ಕಕ್ಕೆ 17 ತುಂಡುಗಳಿವೆ. ನಿಮ್ಮ ಒಂದನೇ ಕ್ಲಾಸಿನ ಮಗು ಎಣಿಸಿದರೆ 8: ಕ, ರ್ನಾ, ಟ, ಕ, ರಾ, ಜ್ಯೋ, ತ್ಸ, ವ. ನಾವು ಮಗುವಿನ ಲೆಕ್ಕದಂತೆ ಹೋಗೋಣ.

ಗಿಂಪ್ ಎಂಬ ಚಿತ್ರ ತಿದ್ದುವ ಸಾಫ್ಟ್‌ವೇರ್ ಹಾಕಿಕೊಳ್ಳಿ. ಪೂರ್ತಿ ಉಚಿತ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ನಡೆಯುತ್ತದೆ. ಕನ್ನಡದ ಒತ್ತು, ಕೊಂಬು, ದೀರ್ಘಗಳನ್ನು ಸರಿಯಾಗಿ ಜೋಡಿಸುತ್ತದೆ. ಅಕ್ಷರಕ್ಕೆ ನೋಟೋ ಸ್ಯಾನ್ಸ್ ಕನ್ನಡ ಸಾಕು. ಸ್ವಲ್ಪ ಹಬ್ಬದ ಕಳೆ ಬೇಕೆಂದರೆ ದುಂಡು ದುಂಡಾದ ಬಾಲೂ ತಮ್ಮ ಫಾಂಟ್ ಚೆನ್ನ. ಎರಡೂ ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುತ್ತವೆ.

ಆ್ಯನಿಮೇಷನ್ ಅಂದರೆ ಹೆದರಬೇಡಿ. ನೋಟ್‌ಬುಕ್ಕಿನ ಮೂಲೆಯಲ್ಲಿ ಪುಟಕ್ಕೊಂದು ಚಿತ್ರ ಬರೆದು ಹೆಬ್ಬೆರಳಲ್ಲಿ ಸರ್ರನೆ ಬಿಡುತ್ತಿದ್ದೆವಲ್ಲ, ಅದೇ ಇದು. ಗಿಂಪ್‌ನಲ್ಲಿ ಪುಟದ ಬದಲು ಲೇಯರ್. ಎಲ್ಲಕ್ಕಿಂತ ಕೆಳಗಿನ ಲೇಯರ್ ಮೊದಲ ಚಿತ್ರ, ಮೇಲಿನದು ಕೊನೆಯದು.

ಮೊದಲು 600 ಪಿಕ್ಸೆಲ್ ಅಗಲ, 300 ಪಿಕ್ಸೆಲ್ ಎತ್ತರದ ಹೊಸ ಚಿತ್ರ ತೆರೆಯಿರಿ. ಹಿನ್ನೆಲೆಗೆ ಹಳದಿ ಬಳಿಯಿರಿ. ಟೆಕ್ಸ್ಟ್ ಟೂಲ್ ಹಿಡಿದು ಕೆಂಪು ಬಣ್ಣದಲ್ಲಿ ಎರಡೂ ಪದಗಳನ್ನು ಪೂರ್ತಿ ಟೈಪ್ ಮಾಡಿ, ಒಂದರ ಕೆಳಗೊಂದು ಬಂದರೆ ಚೆಂದ. ಜೋಡಣೆ ಎಡಕ್ಕೇ ಇರಲಿ. ಇದು ಮುಖ್ಯ. ನಡುವಿಗೆ ಜೋಡಿಸುವ ಗುಂಡಿ ಒತ್ತಿದರೆ ಹೊಸ ಅಕ್ಷರ ಬಂದಾಗಲೆಲ್ಲ ಹಿಂದಿನವು ಎಡಕ್ಕೆ ಸರಿಯುತ್ತವೆ, ಸಾಲು ಪೂರಾ ತೂಗಾಡುತ್ತದೆ. ಅದರ ಬದಲು ಪೂರ್ತಿ ಬರಹವನ್ನು ಮೂವ್ ಟೂಲಿನಿಂದ ಎಳೆದು ಚಿತ್ರದ ನಡುವೆ ಇಡಿ.

ಈಗ ಮೊದಲ ‘ಕ’ ಮಾತ್ರ ಬಿಟ್ಟು ಉಳಿದದ್ದೆಲ್ಲ ಅಳಿಸಿ. ಅಯ್ಯೋ, ಬರೆದದ್ದನ್ನು ಯಾಕೆ ಅಳಿಸೋದು ಅಂತೀರಾ? ಜಾಗ ಗೊತ್ತಾಗಲಿ ಎಂದೇ ಪೂರ್ತಿ ಬರೆದದ್ದು. ಆ ಲೇಯರ್‌ಗೆ ಡೂಪ್ಲಿಕೇಟ್ ಕೊಡಿ. ನಕಲು ಮೇಲೆ ಬಂದು ಕೂರುತ್ತದೆ. ಅದರಲ್ಲಿ ‘ರ್ನಾ’ ಸೇರಿಸಿ. ಅದಕ್ಕೊಂದು ನಕಲು, ಅದರಲ್ಲಿ ‘ಟ’. ಹೀಗೆ ‘ವ’ ಬರುವವರೆಗೆ ಹೋದರೆ 8 ಲೇಯರ್ ಆಗುತ್ತವೆ, ಕ್ರಮವೂ ತಾನಾಗಿಯೇ ಸರಿ ಇರುತ್ತದೆ.

ಇಲ್ಲಿಗೆ ನಿಲ್ಲಿಸಿ ಫೈಲ್ ಸೇವ್ ಮಾಡಿ. ಗಿಂಪ್ ತನ್ನದೇ ಎಕ್ಸ್‌ಸಿಎಫ್ ರೂಪದಲ್ಲಿ ಉಳಿಸಿಕೊಳ್ಳುತ್ತದೆ. ಮುಂದಿನ ಹೆಜ್ಜೆಯ ನಂತರ ಬರಹ ಬರೀ ಚಿತ್ರವಾಗುತ್ತದೆ, ತಿದ್ದಲು ಬರುವುದಿಲ್ಲ. ನಾನೊಮ್ಮೆ ‘ಹಾರ್ದಿಕ’ ಎಂಬಲ್ಲಿ ‘ಹಾರ್ಧಿಕ’ ಎಂದು ಬರೆದು, ಸೇವ್ ಮಾಡದೆ ಮುಂದೆ ಹೋಗಿ, ಹನ್ನೊಂದು ಲೇಯರನ್ನೂ ಮೊದಲಿಂದ ಮಾಡಿದ್ದೇನೆ. ತಪ್ಪು ತೋರಿಸಿದ್ದು ನನ್ನ ಹೆಂಡತಿ, ಅದೂ ಊಟಕ್ಕೆ ಕರೆಯಲು ಬಂದವಳು.

ಇನ್ನು ಪ್ರತಿ ಬರಹದ ಅಡಿಗೂ ಹಳದಿ ಹಿನ್ನೆಲೆ ಇರಬೇಕು. ಹಳದಿ ಲೇಯರನ್ನು 7 ಸಲ ನಕಲು ಮಾಡಿ, ಒಂದೊಂದು ಬರಹದ ಕೆಳಗೆ ಒಂದೊಂದನ್ನು ಎಳೆದು ಇಡಿ. ಆಮೇಲೆ ಪ್ರತಿ ಬರಹದ ಮೇಲೂ ರೈಟ್ ಕ್ಲಿಕ್ ಮಾಡಿ ‘ಮರ್ಜ್ ಡೌನ್’ ಒತ್ತಿ, ಬರಹವೂ ಅದರ ಕೆಳಗಿನ ಹಳದಿಯೂ ಸೇರಿ ಒಂದೇ ಲೇಯರ್ ಆಗುತ್ತದೆ. ಬೇಸರದ ಕೆಲಸ, ನಿಜ. ಬರೀ ಬರಹದ ಲೇಯರ್‌ಗಳನ್ನೇ ಒಂದರ ಮೇಲೊಂದು ಬಿಟ್ಟರೂ ಆ್ಯನಿಮೇಷನ್ ಆಗುತ್ತದೆ, ಆದರೆ ಅಂಚು ಹಲ್ಲು ಹಲ್ಲಾಗಿ ಕಾಣುತ್ತದೆ. ನಾವು ಕೊನೆಗೆ ಉಳಿಸುವುದು ಜಿಫ್ ಎಂಬ ಅಲುಗಾಡುವ ಚಿತ್ರದ ಫೈಲಾಗಿ. ಅದರಲ್ಲಿ ಒಂದು ಚುಕ್ಕೆ ಒಂದೋ ಪೂರಾ ಕಾಣಬೇಕು, ಇಲ್ಲವೇ ಪೂರಾ ಪಾರದರ್ಶಕವಾಗಬೇಕು. ಅರೆಬರೆ ಎಂಬುದೇ ಇಲ್ಲ. ಅಕ್ಷರದ ನುಣುಪು ಅಂಚು ಇರುವುದೇ ಆ ಅರೆಬರೆ ಚುಕ್ಕೆಗಳಿಂದ. ಕನ್ನಡದ ಅಕ್ಷರವೆಂದರೆ ಬರೀ ಬಾಗು, ಬಳುಕು. ಇಂಗ್ಲಿಷಿನ ನೆಟ್ಟಗಿನ ಗೆರೆಗಳಿಗಿಂತ ನಮ್ಮ ‘ಜ್ಯೋ’ದಲ್ಲಿ ಈ ಕೊರತೆ ಬೇಗ ಕಣ್ಣಿಗೆ ಬೀಳುತ್ತದೆ.

ಕೊನೆಯ ಲೇಯರ್, ಅಂದರೆ ಪೂರ್ತಿ ಬರಹ ಇರುವುದು, ಸ್ವಲ್ಪ ಹೊತ್ತು ನಿಲ್ಲಬೇಕು. ಅದರ ಹೆಸರಿನ ಮೇಲೆ ಎರಡು ಸಲ ಕ್ಲಿಕ್ ಮಾಡಿ, ಹೆಸರಿನ ಮುಂದೆ ಆವರಣದೊಳಗೆ 2500 ಎಂದು ಹಾಕಿ, ಜಾಗ ಬಿಡದೆ ಇಂಗ್ಲಿಷಿನ ಸಣ್ಣ ಎಂ ಮತ್ತು ಎಸ್ ಅಕ್ಷರಗಳನ್ನು ಆವರಣದೊಳಗೇ ಸೇರಿಸಿ: (2500ms). ಅದು ಮಿಲಿಸೆಕೆಂಡ್ ಲೆಕ್ಕ, ಎರಡೂವರೆ ಸೆಕೆಂಡ್ ಆಯಿತು. ಮರ್ಜ್ ಮಾಡಿದ ಮೇಲೆಯೇ ಈ ಹೆಸರು ಕೊಡಿ. ಮೊದಲೇ ಬರಹದ ಲೇಯರ್‌ಗೆ ಕೊಟ್ಟರೆ ಮರ್ಜ್ ಆದಾಗ ಕೆಳಗಿನ ಹಳದಿ ಲೇಯರಿನ ಹೆಸರೇ ಉಳಿದು ನಿಮ್ಮದು ಮಾಯ.

‘ಫಿಲ್ಟರ್ಸ್’ ಮೆನುವಿನ ‘ಆ್ಯನಿಮೇಷನ್’ನಲ್ಲಿ ‘ಪ್ಲೇಬ್ಯಾಕ್’ ಇದೆ, ಅದರಲ್ಲಿ ಓಡಿಸಿ ನೋಡಿ. ಸರಿ ಅನಿಸಿದರೆ ‘ಫೈಲ್’ ಮೆನುವಿನ ‘ಎಕ್ಸ್‌ಪೋರ್ಟ್ ಆ್ಯಸ್’ಗೆ ಹೋಗಿ, ಫೈಲಿನ ಹೆಸರಿನ ಕೊನೆಗೆ ಚುಕ್ಕಿ ಇಟ್ಟು ಇಂಗ್ಲಿಷಿನಲ್ಲಿ ಜಿ, ಐ, ಎಫ್ ಹಾಕಿ. ತೆರೆಯುವ ಕಿಟಕಿಯಲ್ಲಿ ‘ಆ್ಯಸ್ ಆ್ಯನಿಮೇಷನ್’ ಮತ್ತು ‘ಲೂಪ್ ಫಾರೆವರ್’ ಎರಡಕ್ಕೂ ಟಿಕ್ ಇರಲಿ. ಫ್ರೇಮ್‌ಗಳ, ಅಂದರೆ ಒಂದೊಂದು ಚಿತ್ರದ, ನಡುವಿನ ಸಮಯಕ್ಕೆ 100 ಎಂದಿರುತ್ತದೆ, 250 ಮಾಡಿ. ಅಕ್ಷರ ಕೂಡಿಸಿ ಓದುವ ಮಕ್ಕಳಿಗೆ 100 ಜಾಸ್ತಿ ವೇಗ. ಹೀಗೆ ಒಂದು ಸುತ್ತು ನಾಲ್ಕೂಕಾಲು ಸೆಕೆಂಡ್ ಆಗುತ್ತದೆ.

ಹಿನ್ನೆಲೆಗೆ ಜೋಗದ ಫೋಟೊ ಹಾಕುವ ಆಸೆ ಬಂದರೆ ತಡೆದುಕೊಳ್ಳಿ. ಜಿಫ್ 1987ರಲ್ಲಿ ಬಂದ ಸರಕು, ಒಂದು ಫ್ರೇಮ್‌ಗೆ 256 ಬಣ್ಣ ಮಾತ್ರ. ಫೋಟೊ ಮಂಕಾಗಿ ಚುಕ್ಕೆ ಚುಕ್ಕೆಯಾಗುತ್ತದೆ, ಫೈಲೂ ಊದಿಕೊಳ್ಳುತ್ತದೆ. ಹಳದಿ-ಕೆಂಪು ಇದಕ್ಕೆ ಹೇಳಿ ಮಾಡಿಸಿದ ಜೋಡಿ. ಇನ್ನೊಂದು ಮಾತು: ಪೂರ್ತಿ ಬರಹ ಬಂದ ಮೇಲೆ ಮಿಣಮಿಣ ಮಿನುಗಿಸುವ ಮನಸ್ಸಾದರೆ ಸೆಕೆಂಡಿಗೆ ಮೂರು ಸಲಕ್ಕಿಂತ ಹೆಚ್ಚು ಬೇಡ. ಮಿನುಗುವ ಬೆಳಕಿಗೆ ಮೂರ್ಛೆ ಬರುವ ಮಕ್ಕಳಿರುತ್ತಾರೆ, ಗ್ರೂಪ್‌ನಲ್ಲಿ ಯಾರ ಮನೆಯಲ್ಲಿ ಅಂಥವರಿದ್ದಾರೋ ನಮಗೆ ತಿಳಿಯದು.

ಪ್ರಶ್ನೆ: ನಾನು ಗಿಂಪ್‌ನಲ್ಲೇ ಶುಭಾಶಯದ ಜಿಫ್ ಮಾಡಿದೆ. ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದರೆ ಕಲ್ಲಿನಂತೆ ನಿಂತಿರುತ್ತದೆ, ಅಲುಗಾಡುವುದಿಲ್ಲ. ಯಾಕೆ?

ಉತ್ತರ: ಮೊದಲು ಆ ಫೈಲನ್ನು ಕಂಪ್ಯೂಟರಿನ ಬ್ರೌಸರ್ ಕಿಟಕಿಗೆ ಎಳೆದು ಬಿಡಿ. ಅಲ್ಲೂ ನಿಂತೇ ಇದ್ದರೆ ‘ಆ್ಯಸ್ ಆ್ಯನಿಮೇಷನ್’ ಟಿಕ್ ತಪ್ಪಿಹೋಗಿದೆ. ಹತ್ತರಲ್ಲಿ ಒಂಬತ್ತು ಸಲ ನಾನು ಕಂಡದ್ದು ಇದನ್ನೇ. ಅಲ್ಲಿ ಓಡಿದರೆ ಫೈಲ್ ಸರಿ ಇದೆ, ಕಳಿಸುವ ದಾರಿಯಲ್ಲಿ ಎಡವಟ್ಟಾಗಿದೆ. ವಾಟ್ಸ್‌ಆ್ಯಪ್ ಜಿಫ್ ಅನ್ನು ಹಾಗೇ ಕಳಿಸುವುದಿಲ್ಲ, ಒಳಗೊಳಗೇ ಪುಟ್ಟ ವಿಡಿಯೊ ಮಾಡಿ ಕಳಿಸುತ್ತದೆ. ಆ ಕೆಲಸ ಕೈಕೊಟ್ಟರೆ ನೀವೇ ಅದನ್ನು ಎಂಪಿ4 ವಿಡಿಯೊ ಮಾಡಿ ಕಳಿಸಿ. ಫೈಲೂ ಹಗುರಾಗುತ್ತದೆ.

ಪ್ರಶ್ನೆ: ನಮ್ಮದು ಡಿಟಿಪಿ ಅಂಗಡಿ. ನುಡಿ ಸಾಫ್ಟ್‌ವೇರಿನಲ್ಲಿ ಟೈಪ್ ಮಾಡಿದ ಹಳೆಯ ಬರಹವನ್ನು ಗಿಂಪ್‌ಗೆ ಅಂಟಿಸಿದರೆ ಇಂಗ್ಲಿಷ್ ಅಕ್ಷರಗಳ ಕಸ ಬರುತ್ತದೆ. ಫೋಟೋಶಾಪ್‌ನಲ್ಲಿ ಯೂನಿಕೋಡ್ ಹಾಕಿದರೆ ಒತ್ತುಗಳು ಬಿಡಿ ಬಿಡಿಯಾಗುತ್ತವೆ. ಎರಡೂ ಕಡೆ ಸೋತಿದ್ದೇವೆ.

ಉತ್ತರ: ಎರಡೂ ಬೇರೆ ಬೇರೆ ರೋಗ. ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟ್‌ಗಳಲ್ಲಿ ಕನ್ನಡದ ಆಕಾರಗಳನ್ನು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕೂರಿಸಿದ್ದರು. ಫಾಂಟ್ ಬದಲಾದರೆ ವೇಷ ಕಳಚಿ ಒಳಗಿನ ಇಂಗ್ಲಿಷ್ ಕಾಣುತ್ತದೆ. ನೀವು ಟೈಪ್ ಮಾಡಿದ್ದನ್ನು ಈ ಹಳೆಯ ಪದ್ಧತಿಯಿಂದ (ಇದನ್ನು ಆಸ್ಕಿ ಎನ್ನುತ್ತಾರೆ) ಯೂನಿಕೋಡ್‌ಗೆ ಬದಲಾಯಿಸುವ ಉಚಿತ ಪರಿವರ್ತಕಗಳಿವೆ, ಅದರಲ್ಲಿ ಹಾಯಿಸಿ ತಂದು ಅಂಟಿಸಿ. ಬದಲಾದ ಮೇಲೆ ಅರ್ಕಾವತ್ತು, ಅಂಕಿಗಳನ್ನು ಒಮ್ಮೆ ಕಣ್ಣಾರೆ ನೋಡಿ.

ಫೋಟೋಶಾಪ್‌ನದು ಸೆಟ್ಟಿಂಗ್ ತಕರಾರು. ಪ್ರಿಫರೆನ್ಸಸ್‌ನಲ್ಲಿ ‘ಟೈಪ್’ ವಿಭಾಗಕ್ಕೆ ಹೋಗಿ ‘ವರ್ಲ್ಡ್ ರೆಡಿ ಲೇಔಟ್’ ಇದ್ದರೆ ಅದನ್ನು ಆರಿಸಿ. ಸ್ವಲ್ಪ ಹಳೆಯ ಆವೃತ್ತಿಗಳಲ್ಲಿ ಅದೇ ಜಾಗದಲ್ಲಿ ‘ಮಿಡಲ್ ಈಸ್ಟರ್ನ್ ಆ್ಯಂಡ್ ಸೌತ್ ಏಷ್ಯನ್’ ಎಂದಿರುತ್ತದೆ. ಫೋಟೋಶಾಪ್ ಮುಚ್ಚಿ ತೆರೆದು, ಹೊಸ ಫೈಲಿನಲ್ಲಿ ‘ರಾಜ್ಯೋತ್ಸವ’ ಎಂದೇ ಬರೆದು ನೋಡಿ. ‘ಜ್ಯೋ’ ಒಂದಾಗಿ ನಿಂತರೆ ಗೆದ್ದಿರಿ. ಅಲ್ಲೂ ಆ್ಯನಿಮೇಷನ್ ಮೇಲೆ ಹೇಳಿದ ಲೇಯರ್ ಲೆಕ್ಕದಲ್ಲೇ ನಡೆಯುತ್ತದೆ: ‘ಟೈಮ್‌ಲೈನ್’ ತೆರೆದು ‘ಕ್ರಿಯೇಟ್ ಫ್ರೇಮ್ ಆ್ಯನಿಮೇಷನ್’ ಒತ್ತಿ, ಅದರ ಮೂಲೆಯ ಮೆನುವಿನಲ್ಲಿ ‘ಮೇಕ್ ಫ್ರೇಮ್ಸ್ ಫ್ರಮ್ ಲೇಯರ್ಸ್’ ಕೊಡಿ. ಉಳಿಸುವುದು ‘ಸೇವ್ ಫಾರ್ ವೆಬ್’ನಲ್ಲಿ.