ಅಚ್ಚೇರಿಗೆ ಹೆದರದವರು ಅರ್ಧಕ್ಕೆ ಹೆದರುವುದೇಕೆ?

ಪತ್ರ: ನಮ್ಮೂರ ಶಾಲೆಗೆ ಪಾಠ ಅಭ್ಯಾಸಕ್ಕೆಂದು ಬಂದಿರುವ ಡಿ.ಎಡ್. ಹುಡುಗಿ ಏಳೆಂಟ್ಲಿ ಎಷ್ಟು ಎಂದರೆ ಬೆರಳು ಮಡಚುತ್ತಾಳೆ. ಭಿನ್ನರಾಶಿ ಎಂದರೆ ಮುಖ ಬಿಳುಚುತ್ತದೆ. ಇನ್ನೂ ಎರಡು ವಾರ ಇರುತ್ತಾಳಂತೆ. ಇಂಥವರನ್ನು ತರಬೇತಿಗೆ ಸೇರಿಸಿಕೊಳ್ಳಲೇಬಾರದು. ಏನಂತೀರಿ?
– ನಿವೃತ್ತ ಮುಖ್ಯ ಶಿಕ್ಷಕರು, ಹಾಸನ ಜಿಲ್ಲೆ

ಉತ್ತರ: ಮೇಷ್ಟ್ರೇ, ಮಗ್ಗಿ ಬರಬೇಕು, ಒಪ್ಪಿದೆ. ಆದರೆ ಆ ಹುಡುಗಿಯ ಪರವಾಗಿ ನಿಮ್ಮ ಜೊತೆ ಸ್ವಲ್ಪ ಜಗಳ ಆಡಬೇಕಿದೆ. ಬೇಜಾರು ಮಾಡ್ಕೋಬೇಡಿ.

ಆಕೆ ಬಂದ ದಾರಿ ನೋಡಿ. ಎಸ್ಸೆಸ್ಸೆಲ್ಸಿಯಲ್ಲಿ ಗಣಿತ ಹೇಗೋ ಪಾಸಾಗಿರುತ್ತದೆ. ಕಾಟ ತಪ್ಪಿತು ಎಂದು ಪಿಯುಸಿಗೆ ಆರ್ಟ್ಸ್ ತೆಗೆದುಕೊಂಡಿರುತ್ತಾಳೆ. ಈಗ ಚಿಕ್ಕ ಮಕ್ಕಳಿಗೆ ಕನ್ನಡದ ಜೊತೆ ಗಣಿತವನ್ನೂ ಅವಳೇ ಹೇಳಿಕೊಡಬೇಕು. ಯಾವುದರಿಂದ ಓಡಿದಳೋ ಅದೇ ಬಾಗಿಲಲ್ಲಿ ಬಂದು ನಿಂತಿದೆ.

ಕೆಲವು ವರ್ಷಗಳ ಹಿಂದೆ ಒಂದು ತರಬೇತಿ ಸಂಸ್ಥೆಗೆ ಭಾಷಣಕ್ಕೆ ಹೋಗಿದ್ದೆ. ಭಾಷಣ ಬಿಟ್ಟು, ಒಂದೂ ಮುಕ್ಕಾಲನ್ನು ಅರ್ಧದಿಂದ ಭಾಗಿಸಿ ಎಂದು ಬೋರ್ಡಿನ ಮೇಲೆ ಬರೆದೆ. ಲೆಕ್ಕ ನನ್ನದಲ್ಲ. ಲಿಪಿಂಗ್ ಮಾ ಎಂಬ ಸಂಶೋಧಕಿ ಅಮೆರಿಕ ಮತ್ತು ಚೀನಾದ ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಕೊಟ್ಟದ್ದು, 1999ರ ಅವರ ಪುಸ್ತಕದಲ್ಲಿದೆ. ಚೀನಾದ 72 ಮಂದಿಯೂ ಸರಿ ಮಾಡಿದರು. ಅಮೆರಿಕದ 23 ಮಂದಿಯಲ್ಲಿ ಅರ್ಧದಷ್ಟು ಜನರಿಗೂ ಆಗಲಿಲ್ಲ. ಅಮೆರಿಕದವರು ಪದವೀಧರರು. ಚೀನಾದವರಲ್ಲಿ ಹೆಚ್ಚಿನವರು ಒಂಬತ್ತನೇ ತರಗತಿ ಮುಗಿಸಿ ಎರಡು ಮೂರು ವರ್ಷ ತರಬೇತಿ ಪಡೆದವರು. ಸೇರಿಸಿಕೊಳ್ಳಲೇಬಾರದು ಅಂತೀರಲ್ಲ, ಅದಕ್ಕೇ ಇದನ್ನು ಹೇಳಿದೆ.

ನಮ್ಮ ಹುಡುಗಿಯರು "ತಲೆಕೆಳಗು ಮಾಡಿ ಗುಣಿಸೋದು ಸಾರ್" ಎಂದು ಮೂರೂವರೆ ತಂದರು. ಏಕೆ ತಲೆಕೆಳಗು ಮಾಡಬೇಕು? ಸದ್ದಿಲ್ಲ. ಇದಕ್ಕೊಂದು ಕಥೆ ಕಟ್ಟಿ ಎಂದೆ. "ಒಂದೂ ಮುಕ್ಕಾಲು ಹೋಳಿಗೆ ಇಬ್ಬರಿಗೆ ಹಂಚಿದರೆ" ಎಂದಳು ಒಬ್ಬಳು. ಅದು ಎರಡರಿಂದ ಭಾಗಿಸಿದ ಹಾಗಾಯಿತಲ್ಲ? ಭಾಗಿಸಿದ ಮೇಲೆ ಉತ್ತರ ಚಿಕ್ಕದಾಗಲೇಬೇಕು ಎಂದು ಎಲ್ಲರೂ ನಂಬಿದ್ದರು. ತಾವೇ ತಂದ ಮೂರೂವರೆಯನ್ನು ಅನುಮಾನದಿಂದ ನೋಡುತ್ತಿದ್ದರು.

ಆಗ ಹಿಂದಿನ ಬೆಂಚಿನಿಂದ ಒಂದು ಸಣ್ಣ ದನಿ: "ನಮ್ಮಜ್ಜಿ ಅಕ್ಕಿ ಅಳೆಯೋ ಥರಾನಾ ಸಾರ್?" ಒಂದೂ ಮುಕ್ಕಾಲು ಸೇರು ಅಕ್ಕಿ ಇದೆ. ಅಚ್ಚೇರಿನಲ್ಲಿ, ಅಂದರೆ ಅರ್ಧ ಸೇರಿನ ಅಳತೆಯಲ್ಲಿ, ಮೂರು ಸಲ ಅಳೆದರೆ ಒಂದೂವರೆ ಸೇರು. ಉಳಿದದ್ದು ಒಂದು ಪಾವು, ಅಂದರೆ ಅರ್ಧ ಅಚ್ಚೇರು. ಮೂರೂವರೆ! ಹೇಳುತ್ತಾ ಬೆರಳು ಮಡಚುತ್ತಿದ್ದಳು. ನಾನು ನೋಡಿದೆನೆಂದು ಗೊತ್ತಾದ ಕೂಡಲೇ ಕೈಯನ್ನು ವೇಲಿನ ಕೆಳಗೆ ಸೇರಿಸಿಬಿಟ್ಟಳು.

ಆ ನಾಚಿಕೆ ಕಲಿಸಿದವರು ಯಾರು? ನಾವೇ ಅಲ್ವಾ? ಬೆರಳು ಮಡಚಿದರೆ ನನ್ನ ಪ್ರೈಮರಿ ಮೇಷ್ಟ್ರು ಗೆಣ್ಣಿನ ಮೇಲೆ ಸ್ಕೇಲಿನಿಂದ ಬಾರಿಸುತ್ತಿದ್ದರು. ನನಗೆ ಐವತ್ತು ದಾಟಿದೆ. ಈಗಲೂ ಅಂಗಡಿಯಲ್ಲಿ ಲೆಕ್ಕ ಹಾಕುವಾಗ ಕೈ ತಾನಾಗಿ ಜೇಬಿನೊಳಗೆ ಹೋಗುತ್ತದೆ. ರಾಷ್ಟ್ರಕೂಟರ ಕಾಲದ ಮಹಾವೀರಾಚಾರ್ಯ ದೊಡ್ಡ ಗಣಿತಜ್ಞ. ಸಂಖ್ಯೆಯನ್ನು ಸೊನ್ನೆಯಿಂದ ಭಾಗಿಸಿದರೆ ಅದು ಹಾಗೇ ಉಳಿಯುತ್ತದೆ ಎಂದು ಬರೆದ. ತಪ್ಪು. ಅವನನ್ನು ಯಾರೂ ಬೆಂಚಿನ ಮೇಲೆ ನಿಲ್ಲಿಸಲಿಲ್ಲ.

ಈ ಭಯ ಅಂಟುಜಾಡ್ಯ. 2010ರಲ್ಲಿ ಶಿಕಾಗೋದ ಸಂಶೋಧಕರು ಒಂದು, ಎರಡನೇ ತರಗತಿಯ 17 ಶಿಕ್ಷಕಿಯರ ಬಳಿ ಕಲಿಯುವ ಮಕ್ಕಳನ್ನು ವರ್ಷದ ಮೊದಲಿಗೂ ಕೊನೆಗೂ ಪರೀಕ್ಷಿಸಿದ ಫಲಿತಾಂಶ ಪ್ರಕಟಿಸಿದರು. ಟೀಚರಿಗೆ ಲೆಕ್ಕದ ಭಯ ಜಾಸ್ತಿ ಇದ್ದಷ್ಟೂ, ವರ್ಷದ ಕೊನೆಗೆ "ಗಣಿತ ಹುಡುಗರಿಗೆ" ಎಂದು ನಂಬಿದ ಹುಡುಗಿಯರು ಜಾಸ್ತಿ. ಹಾಗೆ ನಂಬಿದವರು ಲೆಕ್ಕದಲ್ಲೂ ಹಿಂದೆ ಬಿದ್ದಿದ್ದರು. ಹುಡುಗರ ಮೇಲೆ ಟೀಚರ ಭಯ ನಾಟಿರಲಿಲ್ಲ.

ಇಷ್ಟಾದರೂ ನಾನು ಕಂಡ ತರಬೇತಿಯಲ್ಲಿ ಪಾಠ ಯೋಜನೆ ನಕಲು ಮಾಡುವುದು, ಥರ್ಮೋಕೋಲ್ ಕತ್ತರಿಸುವುದು ಇಷ್ಟೇ. ಆಮೇಲೆ ಟಿಇಟಿ, ಅಂದರೆ ಶಿಕ್ಷಕರ ಅರ್ಹತಾ ಪರೀಕ್ಷೆಯ ಕೋಚಿಂಗು. ಅಲ್ಲಿ ಅರೆ ನಿಮಿಷದಲ್ಲಿ ಉತ್ತರ ಹಿಡಿಯುವ ಶಾರ್ಟ್‌ಕಟ್ಟು. ಯೋಚಿಸುತ್ತಾ ಕೂತವರು ದಡ್ಡರು! ಇತ್ತ ಮದುವೆ ಮನೆಯಲ್ಲಿ ನಮ್ಮ ಸಾಹಿತಿಗಳು "ನನಗೂ ಲೆಕ್ಕಕ್ಕೂ ಎಣ್ಣೆ ಸೀಗೇಕಾಯಿ" ಎಂದು ಎದೆಯುಬ್ಬಿಸಿ ಹೇಳುತ್ತಾರೆ. ಪಕ್ಕದ ಎಲೆಯಲ್ಲಿ ಕೂತ ಮಕ್ಕಳು ಕೇಳಿಸಿಕೊಳ್ಳುತ್ತಿರುತ್ತವೆ. ನಾನೂ ಹೇಳಿದ್ದೇನೆ, ಸುಳ್ಳೇಕೆ?

ನಿಮ್ಮ ಮನೆಯ ಅಟ್ಟದ ಮೇಲೆ ಹಳೆಯ ಸೇರು, ಅಚ್ಚೇರು, ಪಾವು ಇದ್ದೇ ಇರುತ್ತವೆ ಮೇಷ್ಟ್ರೇ. ಇಳಿಸಿ, ತೊಳೆದು, ಒಂದಿಷ್ಟು ಅಕ್ಕಿಯ ಜೊತೆ ಶಾಲೆಗೆ ತೆಗೆದುಕೊಂಡು ಹೋಗಿ. ಇನ್ನೂ ಎರಡು ವಾರ ಇದೆಯಲ್ಲ.