ಸುಮ್ಮಾ ಬದಿಗಿಡಿ, ಪೇರು ಹಣ್ಣಿನ ಕಳ್ಳತನದಿಂದ ಶುರುಮಾಡಿ

13ನೇ ಶತಮಾನದ ಕ್ರೈಸ್ತ ದೇವಶಾಸ್ತ್ರಜ್ಞ ಥಾಮಸ್ ಅಕ್ವಿನಾಸ್‌ನ ‘ಸುಮ್ಮಾ ಥಿಯೊಲಾಜಿಕಾ’ ಹಿಡಿದು ಮೂವತ್ತು ಪುಟಕ್ಕೇ ಸೋತಿದ್ದೇನೆ ಎಂದಿದ್ದೀರಿ. ಸಂಕಲ್ಪ, ಸದ್ಗುಣ, ಕೆಡುಕು ಈ ಮೂರನ್ನು ಮಾತ್ರ ಓದಬೇಕು, ಎಲ್ಲಿಂದ ಹಿಡಿಯಲಿ ಎಂದು ಕೇಳಿದ್ದೀರಿ. ಕೆಡುಕು ಒಳ್ಳೆಯದರ ಕೊರತೆಯಷ್ಟೇ ಎಂಬ ಅಕ್ವಿನಾಸ್‌ನಂಥವರ ನಿಲುವಿಗೆ ‘ಕೆಡುಕು ಎಂಬುದೇ ಇಲ್ಲ ಎನ್ನುವುದು ನೊಂದವರಿಗೆ ಮಾಡುವ ಅವಮಾನವಲ್ಲವೇ’ ಎಂಬ ನಿಮ್ಮ ಮಾತು ನನ್ನನ್ನು ತಟ್ಟಿತು. ಅದಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಸುಮ್ಮಾ ಸದ್ಯಕ್ಕೆ ಬದಿಗಿರಲಿ. ಕ್ರಿ.ಶ. 4–5ನೇ ಶತಮಾನದ ಕ್ರೈಸ್ತ ಚಿಂತಕ ಅಗಸ್ಟೀನ್‌ನ ಆತ್ಮಕಥೆ ‘ಕನ್ಫೆಷನ್ಸ್’ ಎರಡನೇ ಭಾಗ ತೆಗೆಯಿರಿ. ಅವನಿಗೆ ಆಗ 16 ವರ್ಷ. ಊರು ತಗಾಸ್ತೆ, ಇಂದಿನ ಅಲ್ಜೀರಿಯಾದಲ್ಲಿದೆ. ರಾತ್ರಿ ಗೆಳೆಯರೊಂದಿಗೆ ಹೋಗಿ ಪಕ್ಕದ ಮರದ ಪೇರು (ಪಿಯರ್) ಹಣ್ಣುಗಳನ್ನೆಲ್ಲ ಉದುರಿಸಿ ಹೊತ್ತು ತರುತ್ತಾನೆ. ಹಣ್ಣಿನಲ್ಲಿ ರುಚಿಯಿರಲಿಲ್ಲ, ಅದಕ್ಕಿಂತ ಒಳ್ಳೆಯವು ಅವನ ಬಳಿಯೇ ಇದ್ದವು, ಕದ್ದದ್ದರಲ್ಲಿ ಹೆಚ್ಚಿನವನ್ನು ಹಂದಿಗಳಿಗೆ ಎಸೆದರು. ಹಾಗಾದರೆ ಕದ್ದದ್ದೇಕೆ? ಈ ಒಂದು ಪ್ರಶ್ನೆಯನ್ನು ಅವನು ಪುಟಗಟ್ಟಲೆ ಬಿಡದೆ ಕೆದಕುತ್ತಾನೆ. ಒಬ್ಬನೇ ಇದ್ದಿದ್ದರೆ ಕದಿಯುತ್ತಿರಲಿಲ್ಲ ಎಂದೂ ಒಪ್ಪಿಕೊಳ್ಳುತ್ತಾನೆ. ಅವಸರಪಡದೆ ಎರಡು ಸಲ ಓದಿ. ಮುಂದಿನ ಎಂಟು ನೂರು ವರ್ಷಗಳ ಚರ್ಚೆಯ ಬೀಜ ಅಲ್ಲಿದೆ.

ಆಮೇಲೆ ಏಳನೇ ಭಾಗ. ಅಗಸ್ಟೀನ್ ಸುಮಾರು ಒಂಬತ್ತು ವರ್ಷ ಮಾನಿ ಎಂಬ ಪರ್ಷಿಯನ್ ಪ್ರವಾದಿಯ ಪಂಥದ ಜೊತೆಗಿದ್ದವನು. ಕೆಡುಕು ದೇವರಿಗೆ ಎದುರಾಗಿ ನಿಂತ ಒಂದು ದ್ರವ್ಯ ಎಂದು ಆ ಪಂಥ ಹೇಳುತ್ತಿತ್ತು. ಕೆಡುಕು ದ್ರವ್ಯವಲ್ಲ, ಒಳ್ಳೆಯದು ಕೆಡುವುದೇ ಕೆಡುಕು ಎಂದು ಅದರಿಂದ ಬಿಡಿಸಿಕೊಳ್ಳಲು ಅವನು ಹಿಡಿದ ದಾರಿ ನಮ್ಮ ಭಾಷೆಯಲ್ಲಿ ಇನ್ನೂ ಸಲೀಸು, ಏಕೆಂದರೆ ‘ಕೆಡುಕು’ ಎಂಬ ಮಾತು ‘ಕೆಡು’ ಎಂಬುದರಿಂದಲೇ ಬಂದಿದೆ. ಹಾಲು ಕೆಡಬೇಕಾದರೆ ಮೊದಲು ಒಳ್ಳೆಯ ಹಾಲು ಇರಬೇಕು. ಕೆಡುವುದಕ್ಕೆ ಏನೂ ಉಳಿಯದಿದ್ದರೆ ಕೆಡುಕೂ ಇಲ್ಲ.

ಬರಿಯ ಇಲ್ಲದಿರುವಿಕೆಯೇ ಕೆಡುಕಲ್ಲ, ಇರಬೇಕಾದದ್ದು ಇಲ್ಲದಿರುವುದು ಕೆಡುಕು. ಮನುಷ್ಯನಿಗೆ ಸಿಂಹದ ಬಲವಿಲ್ಲ, ಅದು ಕೆಡುಕಲ್ಲ. ಕಣ್ಣಿಗೆ ನೋಟವಿಲ್ಲದಿರುವುದು ಕೆಡುಕು ಎಂದು ಅಕ್ವಿನಾಸ್ ವಿವರಿಸುತ್ತಾನೆ. ಕುರುಡನಿಗೆ ನಿನ್ನ ಕಷ್ಟ ಸುಳ್ಳು ಎಂದು ಇದು ಹೇಳುವುದಿಲ್ಲ.

ಆದರೂ ನಿಮ್ಮ ಆಕ್ಷೇಪಕ್ಕೆ ಇಷ್ಟು ಸಾಲದು. 11ನೇ ಶತಮಾನದ ಕ್ರೈಸ್ತ ಚಿಂತಕ ಆನ್ಸೆಲ್ಮ್‌ನ ‘ಸೈತಾನನ ಪತನ’ ಎಂಬ ಸಣ್ಣ ಗುರುಶಿಷ್ಯ ಸಂವಾದದಲ್ಲಿ ಶಿಷ್ಯ ನಿಮ್ಮ ಹಾಗೆಯೇ ಕೇಳುತ್ತಾನೆ: ಕೆಡುಕು ಏನೂ ಅಲ್ಲವಾದರೆ ಅದರ ಹೆಸರು ಕೇಳಿದರೇ ಎದೆ ನಡುಗುವುದೇಕೆ? ಅನ್ಯಾಯ ಎಂಬುದು ಕೊರತೆ, ಆದರೆ ನೋವು, ದುಃಖ ನಿಜಕ್ಕೂ ಇರುವಂಥವು ಎಂದು ಗುರು ಕೊನೆಯಲ್ಲಿ ಬಿಡಿಸಿ ಹೇಳುತ್ತಾನೆ. ನನ್ನ ಮಟ್ಟಿಗೆ ಇಡೀ ಓದಿನಲ್ಲಿ ಅತ್ಯಂತ ಪ್ರಾಮಾಣಿಕವಾದ ಜಾಗ ಅದು. ಸಂಕಲ್ಪಕ್ಕೆ ಎರಡು ಒಲವುಗಳಿವೆ, ಒಂದು ಸುಖದ ಕಡೆಗೆ, ಇನ್ನೊಂದು ನ್ಯಾಯದ ಕಡೆಗೆ ಎಂಬ ಮಾತೂ ಅಲ್ಲಿಯೇ ಇದೆ. ಸೈತಾನ ನ್ಯಾಯವನ್ನು ಕೈಬಿಟ್ಟದ್ದೇಕೆ ಎಂದು ಎಷ್ಟು ಕೇಳಿದರೂ 27ನೇ ಅಧ್ಯಾಯದಲ್ಲಿ ಸಿಗುವ ಉತ್ತರ ಒಂದೇ: ಅವನು ಹಾಗೆ ಸಂಕಲ್ಪಿಸಿದ, ಅಷ್ಟೇ. ಅದರ ಹಿಂದೆ ಬೇರೆ ಕಾರಣವಿಲ್ಲ.

ಒಂದು ಎಚ್ಚರಿಕೆ. ಅನುವಾದ ಮಾಡಿಕೊಳ್ಳುವಾಗ ‘ವೊಲುಂತಾಸ್’ ಎಂಬ ಲ್ಯಾಟಿನ್ ಪದಕ್ಕೆ ಎಲ್ಲ ಕಡೆಯೂ ‘ಇಚ್ಛೆ’ ಎಂದು ಬರೆಯಬೇಡಿ. ಇಚ್ಛೆ ತಾನಾಗಿ ಹುಟ್ಟುತ್ತದೆ, ಸಂಕಲ್ಪ ನಾವು ಮಾಡುವಂಥದ್ದು. ನಾನು ಇದನ್ನು ಗಮನಿಸದೆ ಒಂದು ನೋಟ್‌ಬುಕ್ ಪೂರ್ತಿ ತಿದ್ದಬೇಕಾಯಿತು. ಫ್ರೆಂಚ್ ತತ್ತ್ವಜ್ಞಾನಿ ಅಬೆಲಾರ್ಡ್‌ನನ್ನು (1079–1142) ಓದುವಾಗ ಈ ವ್ಯತ್ಯಾಸ ಬಹಳ ಮುಖ್ಯ. ಪರರ ತೋಟದ ಹಣ್ಣು ಕಂಡು ಆಸೆಪಟ್ಟವನು ಪಾಪಿಯಲ್ಲ, ಕದಿಯಲು ಒಳಗೊಳಗೇ ಒಪ್ಪಿದವನು ಪಾಪಿ ಎಂಬುದು ಅವನ ವಾದ. ಅಗಸ್ಟೀನ್‌ನ ಪೇರು ಹಣ್ಣಿನ ಪಕ್ಕದಲ್ಲಿ ಇದನ್ನಿಟ್ಟು ನೋಡಿ.

ಸದ್ಗುಣಕ್ಕೆ ಮಾತ್ರ ಸುಮ್ಮಾಕ್ಕೇ ಮರಳಬೇಕು. ಎರಡನೇ ಭಾಗದ ಮೊದಲ ಪಾಲಿನಲ್ಲಿ 55ನೇ ಪ್ರಶ್ನೆಯಿಂದ ಹಿಡಿಯಿರಿ. ಓದುವ ಕ್ರಮ ಬದಲಿಸಿದರೆ ಅರ್ಧ ಕಷ್ಟ ಇಳಿಯುತ್ತದೆ. ನಮ್ಮ ಶಾಸ್ತ್ರಗ್ರಂಥಗಳಂತೆ ಅಲ್ಲೂ ಮೊದಲು ಪೂರ್ವಪಕ್ಷ (ಎದುರು ಪಕ್ಷದ ಆಕ್ಷೇಪಗಳು), ನಂತರ ಸಿದ್ಧಾಂತ (ಲೇಖಕನ ಉತ್ತರ). ಪ್ರಶ್ನೆ ಓದಿದ ಕೂಡಲೇ ‘ಉತ್ತರಿಸುತ್ತೇನೆ’ ಎಂದು ಶುರುವಾಗುವ ಮಧ್ಯದ ಭಾಗಕ್ಕೆ ಹೋಗಿ. ಆಮೇಲೆ ಒಂದೊಂದು ಆಕ್ಷೇಪವನ್ನೂ ಓದಿ, ಕೊನೆಯಲ್ಲಿರುವ ಸಮಾಧಾನವನ್ನು ಅಂಗೈಯಿಂದ ಮುಚ್ಚಿಕೊಂಡು ನಿಮ್ಮದೇ ಉತ್ತರ ಬರೆಯಿರಿ, ನಂತರ ಕೈ ತೆಗೆದು ನೋಡಿ. ದಿನಕ್ಕೆ ಒಂದು ವಿಚಾರ ಸಾಕು.

ಆನ್ಸೆಲ್ಮ್‌ನ 27ನೇ ಅಧ್ಯಾಯ ಮುಗಿಸಿದ ದಿನ ಇಲ್ಲಿ ಬರೆಯಿರಿ. ಆ ಉತ್ತರ ನಿಮಗೆ ಒಪ್ಪಿಗೆಯಾಯಿತೇ ಎಂದು ತಿಳಿಯುವ ಆಸೆ ನನಗೆ. ನಾನಿನ್ನೂ ಪೂರ್ತಿ ಒಪ್ಪಿಲ್ಲ.